ಉಪ್ಪಿಲ್ಲದ ಡಬ್ಬಿ

ವರ್ಷಕ್ಕೊಂದು ದಿನ ನನ್ನ ಗಂಡ ನನ್ನನ್ನು ‘ಮೇಡಂ’ ಎಂದು ಕರೆಯುತ್ತಾರೆ. ಆ ದಿನಕ್ಕಾಗಿ ನಾನು ವರ್ಷವಿಡೀ ಕಾಯುತ್ತೇನೆ ಎಂದರೆ ನಗಬೇಡಿ. ಇಬ್ಬರೂ ಪಾಠ ಮಾಡುವುದು ರಸಾಯನಶಾಸ್ತ್ರವೇ, ಶಾಲೆ ಮಾತ್ರ ಬೇರೆ. ಈಗ ನಾಲ್ಕು ವರ್ಷದಿಂದ ಮನೆಯೂ ಬೇರೆ. ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನ ಶಾಲೆಯಿಂದ ಒಬ್ಬ ಪರೀಕ್ಷಕರು ಬರಬೇಕು ಎಂಬ ನಿಯಮವಿದೆ. ಇಲಾಖೆಯವರಿಗೆ ನಮ್ಮ ಸಂಸಾರದ ಸುದ್ದಿ ಗೊತ್ತಿಲ್ಲವೋ, ಗೊತ್ತಿದ್ದೇ ತಮಾಷೆ ನೋಡುತ್ತಾರೋ, ಮೊದಲ ವರ್ಷ ಬಿಟ್ಟರೆ ಪ್ರತಿಸಲ ಇವರನ್ನೇ ಕಳಿಸುತ್ತಾರೆ. ಆದರೆ ಒಬ್ಬರೇ ಒಂದು ಶಾಲೆಗೆ ಮೂರು ಸಲಕ್ಕಿಂತ ಹೆಚ್ಚು ಬರುವಂತಿಲ್ಲ. ಇದು ಮೂರನೆಯ ಸಲ.

ಅತ್ತೆ ನನ್ನ ಜೊತೆಗೇ ಇದ್ದಾರೆ. ಮಗ ಸೂಟ್‌ಕೇಸ್ ಹಿಡಿದು ಹೊರಟ ದಿನ, “ನೀನು ಹೋಗಪ್ಪ, ನಂಗೆ ಈ ಮನೆ ಬಚ್ಚಲು ಅಭ್ಯಾಸ ಆಗಿದೆ” ಎಂದವರು ಕೂತಲ್ಲಿಂದ ಏಳಲಿಲ್ಲ. ಪರೀಕ್ಷೆಯ ದಿನ ಮಾತ್ರ ಬೆಳಿಗ್ಗೆ ನನಗಿಂತ ಮುಂಚೆ ಎದ್ದು ಡಬ್ಬಿ ಕಟ್ಟುತ್ತಾರೆ.

“ಎಕ್ಸ್‌ಟರ್ನಲ್ ಅಂತೆ ಎಕ್ಸ್‌ಟರ್ನಲ್ಲು! ನನ್ನ ಹೊಟ್ಟೇಲಿ ಹುಟ್ಟಿದವನು ನಿಮ್ಮ ಶಾಲೆಗೆ ಹೊರಗಿನವನು! ಕೊಡು ಅವನಿಗೆ, ತಣ್ಣಗಾಗೋ ಮುಂಚೆ.”

ಹಿಂದಿನ ಎರಡು ಸಲ ನಾನು ಕೊಟ್ಟಿರಲಿಲ್ಲ. ಬಿಟ್ಟು ಹೋದವರು ಅವರು, ನಾನೇಕೆ ಮೊದಲು ಕೈ ಚಾಚಲಿ? ವಾಪಸ್ ಬರುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ನಾನೇ ತಿಂದು ಮುಗಿಸಿ, ಖಾಲಿ ಡಬ್ಬಿಯನ್ನು ಅತ್ತೆಯ ಮುಂದಿಟ್ಟು, “ಚೆನ್ನಾಗಿತ್ತಂತೆ” ಎನ್ನುತ್ತಿದ್ದೆ.

ನಮ್ಮ ಜಗಳ ಶುರುವಾದದ್ದು ಉಪ್ಪಿನಿಂದ. ಅಡುಗೆಮನೆಯದಲ್ಲ, ಪಾಠದ್ದು. ಅಯಾನಿಕ ಬಂಧವನ್ನು ನಾನು ಮದುವೆಯ ಕಥೆಯಾಗಿ ಹೇಳಿಕೊಡುತ್ತಿದ್ದೆ. ಸೋಡಿಯಂ ಹತ್ತಿರ ಒಂದು ಎಲೆಕ್ಟ್ರಾನ್ ಹೆಚ್ಚಿದೆ, ಕೊಟ್ಟರೆ ನೆಮ್ಮದಿ. ಕ್ಲೋರಿನ್‌ಗೆ ಒಂದು ಕಡಿಮೆ, ಪಡೆದರೆ ನೆಮ್ಮದಿ. ಕೊಟ್ಟದ್ದು ಧನ ಅಯಾನು, ಪಡೆದದ್ದು ಋಣ ಅಯಾನು, ಅಲ್ಲಿಂದ ಒಂದನ್ನೊಂದು ಬಿಡುವುದಿಲ್ಲ. ಮಕ್ಕಳು ಹಾಯಾಗಿ ಕೇಳುತ್ತಿದ್ದರು, ಮರೆಯುತ್ತಲೂ ಇರಲಿಲ್ಲ. ಶಿಕ್ಷಕರ ತರಬೇತಿಯೊಂದರಲ್ಲಿ ನನ್ನ ಗಂಡ ತುಂಬಿದ ಸಭೆಯಲ್ಲಿ ಎದ್ದು ನಿಂತರು.

“ಕೆಲವರು ಮದುವೆ ಕಥೆ ಹೇಳಿ ಮಕ್ಕಳ ತಲೆ ಕೆಡಿಸ್ತಾರೆ. ಉಪ್ಪಿನ ಹರಳಲ್ಲಿ ಜೋಡಿ ಅನ್ನೋದೇ ಇಲ್ಲ. ಒಂದೊಂದು ಸೋಡಿಯಂ ಸುತ್ತ ಆರು ಕ್ಲೋರೈಡು, ಒಂದೊಂದು ಕ್ಲೋರೈಡಿನ ಸುತ್ತ ಆರು ಸೋಡಿಯಂ. ಅಲ್ಲಿ ಯಾರೂ ಯಾರಿಗೂ ಗಂಡ ಅಲ್ಲ, ಹೆಂಡತಿ ಅಲ್ಲ.”

ಕಥೆ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಸಭೆ ಬಿದ್ದು ಬಿದ್ದು ನಕ್ಕಿತು. ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ಮನೆಗೆ ಬಂದವಳೇ, “ಯಾರೂ ಯಾರಿಗೂ ಏನೂ ಅಲ್ಲ ಅಂದ್ಮೇಲೆ ಒಂದೇ ಮನೆ ಯಾಕ್ರೀ?” ಎಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿದ್ದರೆ ಅವರಿಗೆ ಮೂಗಿನಿಂದ ಆಚೆಗೇ ಇದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಅಂದು ನಾವು ಉಣ್ಣಲೇ ಇಲ್ಲ.

ಈ ಸಲ ಅವರು ಬಂದಾಗ ನೋಡಿದೆ. ಕಿವಿಯ ಮೇಲಿನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಿಳಿ ಅಂಗಿಯ ಒಂದು ಗುಂಡಿಯನ್ನು ಕಪ್ಪು ದಾರದಲ್ಲಿ ಹೊಲಿದುಕೊಂಡಿದ್ದರು. ಆ ಗುಂಡಿಯನ್ನು ಕಿತ್ತು ನಾನೇ ಸರಿಯಾಗಿ ಹೊಲಿಯಬೇಕು ಎಂದು ಎಷ್ಟು ಆಸೆಯಾಯಿತೆಂದರೆ, ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡೆ.

“ನಮಸ್ಕಾರ ಮೇಡಂ.”

“ಬನ್ನಿ ಸರ್.”

ಕೊನೆಯದಾಗಿ ಬಂದವಳು ನಾವೆಲ್ಲ ಗಿಣಿ ಎಂದು ಕರೆಯುವ ಹುಡುಗಿ. ಅವಳ ಮೇಜಿನ ಮೇಲೆ ಬ್ಯಾಟರಿ, ಬಲ್ಬು, ಎರಡು ಲೋಟ. ಒಣ ಉಪ್ಪಿನಲ್ಲಿ ತಂತಿ ಇಟ್ಟರೆ ಬಲ್ಬು ಹತ್ತಲಿಲ್ಲ. ಉಪ್ಪುನೀರಿನಲ್ಲಿ ಇಟ್ಟರೆ ಹತ್ತಿತು.

“ಯಾಕಮ್ಮ ಹಾಗೆ?” ಎಂದರು ನನ್ನ ಗಂಡ.

“ಹರಳಲ್ಲಿ ಅಯಾನುಗಳು ನಿಂತ ಜಾಗ ಬಿಟ್ಟು ಕದಲಲ್ಲ ಸರ್. ನೀರಿಗೆ ಹಾಕಿದ್ರೆ ಬಿಡಿಸ್ಕೊಂಡು ಓಡಾಡ್ತವೆ, ಆಗ ಕರೆಂಟು ಹರಿಯುತ್ತೆ.”

“ಸೋಡಿಯಂ, ಕ್ಲೋರಿನ್ ಹೇಗೆ ಸೇರ್ತವೆ? ಕಥೆ ಥರ ಹೇಳಿದ್ರೂ ನಡೆಯುತ್ತೆ.”

ಗಿಣಿ ಕಣ್ಣು ಪಿಳಿಪಿಳಿ ಬಿಟ್ಟಳು. “ಕಥೆ ಇಲ್ಲ ಸರ್. ಒಂದರ ಸುತ್ತ ಆರು ಇರ್ತವೆ. ಜೋಡಿ ಅಂತ ಇರಲ್ಲ.”

“ಈ ಶಾಲೇಲಿ ಒಂದು ಮದುವೆ ಕಥೆ ಹೇಳ್ತಿದ್ರಲ್ಲ?”

“ನಮಗೆ ಹೇಳಿಲ್ಲ ಸರ್.”

ಅವರು ನನ್ನ ಕಡೆ ತಿರುಗಿದರು. “ಯಾಕೆ ಬಿಟ್ರಿ ಮೇಡಂ?”

“ತಪ್ಪು ಅಂತ ತಿಳಿದವರು ಹೇಳಿದ್ರು ಸರ್.” ಅಷ್ಟಕ್ಕೇ ನಿಲ್ಲಿಸಬಹುದಿತ್ತು, ನನ್ನ ಬಾಯಿ ಕೇಳಬೇಕಲ್ಲ. “ಗಿಣಿ, ಉಪ್ಪಿನ ಹರಳಿಗೆ ಸುತ್ತಿಗೇಲಿ ಹೊಡೆದ್ರೆ ಏನಾಗುತ್ತೆ? ಸರ್‌ಗೆ ಸರಿಯಾಗಿ ಕೇಳೋ ಹಾಗೆ ಹೇಳು.”

“ಒಡೆದುಹೋಗುತ್ತೆ ಮಿಸ್. ಗಟ್ಟಿ ಇದ್ರೂ ಪೆಟ್ಟು ತಡೆಯಲ್ಲ. ಪದರ ಒಂಚೂರು ಜರುಗಿದ್ರೂ ಒಂದೇ ಥರದ ಚಾರ್ಜುಗಳು ಎದುರುಬದುರು ಬಂದು ಒಂದನ್ನೊಂದು ತಳ್ತವೆ.”

ಎರಡು ಕೋಣಗಳ ನಡುವೆ ಸಿಕ್ಕ ಗಿಡದಂತೆ ಹುಡುಗಿ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಿದ್ದಳು. ನನ್ನ ಗಂಡ ಪೆನ್ನಿನ ಮುಚ್ಚಳ ಹಾಕಿದರು.

“ಒಡೆದದ್ದನ್ನ ಮತ್ತೆ ಒಂದು ಮಾಡೋದು ಹೇಗೆ?”

“ಒತ್ತಿ ಹಿಡಿದ್ರೆ ಆಗಲ್ಲ ಸರ್. ನೀರಲ್ಲಿ ಕರಗಿಸಿ, ಅಲ್ಲಾಡಿಸದೆ ಬಿಡಬೇಕು. ನಿಧಾನಕ್ಕೆ ಹರಳು ಕಟ್ಟುತ್ತೆ.”

“ಪೂರ್ತಿ ಅಂಕ” ಎಂದರು. ಗಿಣಿ ಬದುಕಿದೆಯಾ ಬಡಜೀವವೇ ಎಂದು ಓಡಿದಳು.

ಅಂಕಪಟ್ಟಿ ಲಕೋಟೆಗೆ ಹೋಯಿತು, ಅರಗು ಬಿತ್ತು. ಅವರು ಚೀಲ ಹೆಗಲಿಗೇರಿಸಿದರು. ಈ ಬಾಗಿಲು ದಾಟಿದರೆ ಇನ್ನು ಅವರನ್ನು ನನ್ನೆದುರು ತಂದು ಕೂರಿಸುವ ನಿಯಮ ಯಾವ ಇಲಾಖೆಯಲ್ಲೂ ಇಲ್ಲ. ಹೋಗಬೇಡಿ ಎನ್ನಬೇಕಿತ್ತು. ಅದರ ಬದಲು ಡ್ರಾಯರ್ ಎಳೆದು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದೆ.

“ಅತ್ತೆ ಕೊಟ್ಟಿದ್ದಾರೆ.”

ಅವರು ಚೀಲ ಇಳಿಸಿ, ಕೈ ತೊಳೆದು, ಪಕ್ಕದ ಸ್ಟಾಫ್ ರೂಮಿನ ಕುರ್ಚಿಯಲ್ಲಿ ಕೂತರು. ಮೊದಲ ತುತ್ತಿಗೇ ಕೈ ನಿಂತಿತು.

“ಉಪ್ಪೇ ಇಲ್ಲ?”

“ಅತ್ತೆಗೆ ಬಿಪಿ. ಹೋದ ಪರೀಕ್ಷೆ ಮುಗಿದ ಮೇಲೆ ಡಾಕ್ಟ್ರು ಉಪ್ಪು ಬಿಡಿಸಿದ್ರು.”

“ಫೋನಲ್ಲಿ ಕೇಳಿದಾಗೆಲ್ಲ ಗುಂಡುಕಲ್ಲಿನ ಹಾಗಿದೀನಿ ಅಂತಾಳೆ.” ಅವರ ದನಿ ಇಳಿಯಿತು. ಡಬ್ಬಿಯಿಂದ ತಲೆಯೆತ್ತಿ, “ನೀನು?” ಎಂದರು. “ನೀನೂ ಸಪ್ಪೆನೇ ತಿಂತಿದೀಯಾ?”

ನಾಲ್ಕು ವರ್ಷದ ಮೇಲೆ ಆ ‘ನೀನು’ ಕಿವಿಗೆ ಬಿದ್ದಿತ್ತು. ಕಿಟಕಿಯ ಕಡೆ ತಿರುಗಿ ನಿಂತೆ.

“ಮೂರು ಜನ ಇದ್ದಿದ್ರೆ ಎರಡು ಥರ ಮಾಡಬಹುದಿತ್ತು. ಇಬ್ಬರಿಗೆ ಯಾಕೆ ಅಂತ ನಾನೂ ಬಿಟ್ಟೆ.”

ಕ್ಯಾಂಟೀನಿನಿಂದ ಉಪ್ಪು ತರಿಸಲೇ ಎಂದರೆ ಅವರು ಬೇಡವೆಂದು ತಲೆಯಾಡಿಸಿ, ಡಬ್ಬಿಯ ಮೂಲೆಯಲ್ಲಿ ಒಂದು ಅಗುಳೂ ಉಳಿಯದಂತೆ ಉಂಡರು. ಆಮೇಲೆ ಅಂದರು, “ನನ್ನ ಪಾಠ ಮಕ್ಕಳಿಗೆ ನೆನಪೇ ಇರಲ್ಲ ಕಣೇ. ಈಗ ನಾನೂ ಮದುವೆಯಿಂದಲೇ ಶುರು ಮಾಡ್ತೀನಿ. ಆರರ ಲೆಕ್ಕ ಆಮೇಲೆ. ಅವತ್ತು ಅಷ್ಟು ಜನರ ಮುಂದೆ ಹಾಗೆ ಅನ್ನಬಾರದಿತ್ತು.”

ಡಬ್ಬಿಗೆ ಕೈ ಚಾಚಿದೆ. ಅವರು ಅದನ್ನು ಮುಚ್ಚಿ ತಮ್ಮ ಚೀಲದೊಳಗೆ ಇಟ್ಟುಕೊಂಡರು.

“ತೊಳೆದು ನಾನೇ ತಂದುಕೊಡ್ತೀನಿ” ಎಂದು ಹೊರಟರು. ಯಾವಾಗ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಬಸ್ಸಿನಲ್ಲಿ ಹಿಂದಿನ ಸೀಟು ಖಾಲಿಯಿತ್ತು. ಹಸಿವಾಗುತ್ತಿತ್ತು. ಮಡಿಲಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ.

ಬಾಗಿಲಲ್ಲೇ ಅತ್ತೆ ನನ್ನ ಕೈ ನೋಡಿದರು. “ಡಬ್ಬಿ ಎಲ್ಲೇ?”

“ಅವರ ಹತ್ರಾನೇ ಇದೆ. ತೊಳೆದು ತರ್ತಾರಂತೆ.”

ಅತ್ತೆ ಗೋಡೆ ಹಿಡಿದು ನಿಧಾನವಾಗಿ ಕೂತರು. “ಹಾಗಾದ್ರೆ ಈ ಸಲ ನಿಜವಾಗ್ಲೂ ಅವನೇ ತಿಂದ.”

ಚಪ್ಪಲಿ ಬಿಡುತ್ತಿದ್ದವಳು ಅಲ್ಲೇ ನಿಂತೆ.

“ಎರಡು ವರ್ಷವೂ ಅವತ್ತು ಮಾತ್ರ ನೀನು ಸಂಜೆ ಹಸಿವಿಲ್ಲ ಅಂದೆ. ಅಷ್ಟೂ ಗೊತ್ತಾಗಲ್ವೇನೇ ನಂಗೆ? ಹೋಗಲಿ, ಅವನ ಪಾಲಿಂದು ನಿನ್ನ ಹೊಟ್ಟೆಗಾದ್ರೂ ಬಿತ್ತಲ್ಲ ಅಂತ ಸುಮ್ಮನಿದ್ದೆ.” ಸೆರಗಿನಲ್ಲಿ ಕಣ್ಣೊರೆಸಿಕೊಂಡು ಗದರಿದರು, “ನಿಂತೇ ಇದೀಯಲ್ಲ! ಮೇಲಿನ ಗೂಡಿಂದ ಉಪ್ಪಿನ ಭರಣಿ ಇಳಿಸು. ಅವನಿಗೆ ಸಪ್ಪೆ ಸೇರಲ್ಲ.”

ಸ್ಟೂಲು ಹತ್ತಿ ಇಳಿಸಿದೆ. ಯಾರೂ ಕೈ ಹಾಕದೆ ಉಪ್ಪು ಒಳಗೇ ಗಟ್ಟಿಯಾಗಿ ಒಂದೇ ಹೆಂಟೆಯಾಗಿತ್ತು. ಸೌಟಿನಿಂದ ಕುಟ್ಟಲು ಹೋದೆ.

“ಕುಟ್ಟಬೇಡ, ಭರಣಿ ಒಡೆದೀತು” ಎಂದು ಅತ್ತೆ ಕೂತಲ್ಲಿಂದಲೇ ಕೂಗಿದರು. “ಒಂಚೂರು ನೀರು ಹಾಕಿಡು, ತಾನಾಗೇ ಬಿಡುತ್ತೆ.”

ನೀರು ಹಾಕಿದೆ. ಭರಣಿಯನ್ನು ಒಲೆಯ ಪಕ್ಕ, ಮೊದಲು ಇರುತ್ತಿದ್ದ ಜಾಗದಲ್ಲೇ ಇಟ್ಟು, ನಮ್ಮಿಬ್ಬರ ಸಪ್ಪೆ ಅಡುಗೆಗೆ ಒಲೆ ಹಚ್ಚಿದೆ.