ಕೊನೆಯ ಕೈ

ನನ್ನ ಗಂಡ ಮರಗೆಲಸದ ಮೇಸ್ತ್ರಿ. ಬೀದಿಯವರೆಲ್ಲ ಕರೆಯುವುದು ನಗೆಮೇಸ್ತ್ರಿ ಎಂದು. ಅವರು ನಕ್ಕರೆ ಪಕ್ಕದ ಅಂಗಡಿಯವನ ತೂಕಡಿಕೆ ಹಾರಿಹೋಗುತ್ತಿತ್ತು. ಮೊದಲ ಸಲ ನೋಡಿದಾಗ ಅವರ ಮೂಗು ನನಗೆ ಹಿಡಿಸಿರಲಿಲ್ಲ. ಆಮೇಲೆ ಬಾಯ್ತುಂಬ ನಕ್ಕರು, ಮೂಗು ಮರೆತೇಹೋಯಿತು. ಆ ನಗುವಿಗೇ ಮದುವೆಗೆ ಒಪ್ಪಿದವಳು ನಾನು. ಹಾಗಾಗಿ ಅದು ಅವರೊಬ್ಬರ ಸೊತ್ತಲ್ಲ.

ಅದು ಕಡಿಮೆಯಾದದ್ದು ಯಾವಾಗ ಎಂದು ಗೊತ್ತೇ ಆಗಲಿಲ್ಲ. ಮೊದಲು ಬಾಯಿಗೆ ಅಂಗೈ ಅಡ್ಡ ಬಂತು. ಆಮೇಲೆ ತುಟಿ ಬಿಗಿದು ಒಂದು ಮುಗುಳ್ನಗೆ, ದೊಡ್ಡ ಸಾಹೇಬರ ಹಾಗೆ. ತಣ್ಣೀರು ಕುಡಿದರೆ ಒಂದು ಕಣ್ಣು ಮುಚ್ಚುತ್ತಿದ್ದರು. ಕೇಳಿದರೆ "ಏನಿಲ್ಲ ಕಣೇ" ಎನ್ನುತ್ತಿದ್ದರು. ಗಂಡಸರು ಏನಿಲ್ಲ ಎಂದರೆ ಏನೋ ಇದೆ ಎಂದೇ ಅರ್ಥ.

ಒಂದು ಬೆಳಿಗ್ಗೆ ಬಚ್ಚಲಿನ ಬಾಗಿಲು ಅರ್ಧ ತೆರೆದಿತ್ತು. ಕನ್ನಡಿಯ ಮುಂದೆ ಬಾಯಿ ಅಗಲಿಸಿ ನಿಂತಿದ್ದಾರೆ. ಕೈಯಲ್ಲಿ ಉಪ್ಪುಕಾಗದದ ಚೂರು. ಮರ ನುಣುಪು ಮಾಡುವ ಅದೇ ಉಪ್ಪುಕಾಗದ!

"ರೀ! ಏನ್ ಮಾಡ್ತಿದೀರಾ?"

"ಮುಂದಿನ ಹಲ್ಲು ಬೆಳೀತಿವೆ ಕಣೇ. ನೋಡು, ಎಷ್ಟುದ್ದ ಆಗಿವೆ! ನಕ್ಕರೆ ಕುದುರೆ ಥರ ಕಾಣ್ತೀನಿ. ತುದೀಲಿ ಒಂಚೂರು ಉಜ್ಜಿ ಸಮ ಮಾಡೋಣ ಅಂತ."

"ಈ ವಯಸ್ಸಲ್ಲಿ ಹಲ್ಲು ಬೆಳೆಯುತ್ತಾ? ಬುದ್ಧಿನೇ ಬೆಳೀಲಿಲ್ಲ ನಿಮಗೆ!"

ಕಾಗದ ಕಿತ್ತುಕೊಂಡೆ. ಈ ಮನುಷ್ಯನನ್ನು ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಮೊದಲು ಬೈದೆ. ಆಮೇಲೆ ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ.

ಡಾಕ್ಟರಮ್ಮ ಪುಟ್ಟ ಕನ್ನಡಿ ಹಿಡಿದು ತೋರಿಸಿದರು. "ಹಲ್ಲು ಬೆಳೆದಿಲ್ಲ ಮೇಸ್ತ್ರಿಗಳೇ, ವಸಡು ಹಿಂದೆ ಸರಿದಿದೆ. ಒಳಗಿರಬೇಕಾದ ಬೇರು ಹೊರಗೆ ಕಾಣ್ತಿದೆ. ಅದಕ್ಕೇ ಉದ್ದ ಅನ್ಸುತ್ತೆ, ಅದಕ್ಕೇ ತಣ್ಣೀರು ತಾಗಿದ್ರೆ ಜುಮ್ ಅನ್ನುತ್ತೆ. ಹಲ್ಲು ಹೇಗೆ ಉಜ್ತೀರಾ, ತೋರಿಸಿ."

ಇವರು ಮುಷ್ಟಿ ಬಿಗಿದು, ಮೊಣಕೈ ಎತ್ತಿ, ಆ ಕಡೆಯಿಂದ ಈ ಕಡೆಗೆ ಎಳೆದರು. ಕೂತ ಕುರ್ಚಿ ಕಿರುಗುಟ್ಟಿತು. "ರಕ್ತ ಬಂದ್ರೆ ಇನ್ನೂ ಜೋರಾಗಿ. ಕೊಳೆ ಬಿಡಬೇಕಲ್ಲ!"

"ಅಯ್ಯೋ, ಉಜ್ಜಲೇಬೇಡಿ!"

"ಹಲ್ಲು ಉಜ್ಜದೇ ಇರೋದಾ?"

ತಪ್ಪು ಇವರದಲ್ಲ, ನಮ್ಮ ಮಾತಿನದು. ಹಲ್ಲನ್ನು ನಾವು ಉಜ್ಜುತ್ತೇವೆ, ಇಲ್ಲವೇ ತಿಕ್ಕುತ್ತೇವೆ, ತಳ ಹಿಡಿದ ಪಾತ್ರೆಯ ಹಾಗೆ. ಉಜ್ಜುವುದೇ ಕಸುಬಾದವರು ಇನ್ನೇನು ಮಾಡಿಯಾರು?

ಹಲ್ಲಿನ ಬುಡದಲ್ಲಿ ಕಲ್ಲಿನಂತೆ ಕೂತಿದ್ದ ಕೊಳೆಯನ್ನು ಡಾಕ್ಟರಮ್ಮನೇ ತೆಗೆದರು. ಮೆತ್ತನೆ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿಟ್ಟು, ಬೆರಳಲ್ಲೇ ಹಿಡಿದು, ಸಣ್ಣ ಸಣ್ಣ ಸುತ್ತು ಹಾಕಲು ಹೇಳಿದರು. ರಕ್ತ ಬಂದರೆ ವಸಡು ಊದಿದೆ ಎಂದು ಅರ್ಥವಂತೆ, ಕೊಳೆ ಬಿಟ್ಟಿತೆಂದಲ್ಲ.

"ಹೋದ ವಸಡು?" ಎಂದು ಇವರು ಮೆಲ್ಲಗೆ ಕೇಳಿದರು.

"ತಾನಾಗಿ ಬೆಳೆಯಲ್ಲ. ಇರೋದನ್ನ ಉಳಿಸ್ಕೊಳ್ಳಿ. ಹೀಗೇ ಬಿಟ್ರೆ ಹಲ್ಲೇ ಅಲ್ಲಾಡುತ್ತೆ."

ಇವರ ಮುಖ ಸಪ್ಪಗಾಯಿತು. ಹೆಚ್ಚು ಕೆತ್ತಿದ ಮರಕ್ಕೆ ಮದ್ದಿಲ್ಲ ಎನ್ನುವುದು ಇವರದೇ ಮಾತು.

ಹುಟ್ಟುಗುಣ ಸುಟ್ಟರೂ ಹೋಗದು. ಹೊಸ ಬ್ರಷ್ಷಿನ ಎಳೆಗಳು ವಾರದೊಳಗೆ ಕೈಕಾಲು ಚಾಚಿ ಮಲಗಿದವು. "ನಂದು ಭಾರದ ಕೈ, ಏನ್ ಮಾಡ್ಲಿ? ಬಿದ್ದುಹೋದ್ರೆ ಹೋಗ್ಲಿ ಬಿಡು. ಬೊಚ್ಚು ಬಾಯಿಯವರು ಬದುಕಲ್ವಾ?" ಎಂದರು.

"ನಿಮ್ಮ ಹಲ್ಲು ಹಾಳಾಗ್ಲಿ! ನನ್ನ ನಗು ಎಲ್ಲಿಂದ ತರ್ಲಿ ನಾನು?" ಎಂದು ಕೂಗಾಡಿದೆ. ಕೂಗುತ್ತಲೇ ಅಳು ಬಂದುಬಿಟ್ಟಿತು.

ಸಂಜೆ ಚಹಾ ಕೊಡಲು ಇವರ ಕಾರ್ಖಾನೆಗೆ ಹೋದೆ. ಬೀರುವಿನ ಬಾಗಿಲಿಗೆ ಪಾಲಿಶ್ ನಡೆದಿತ್ತು. ಹತ್ತಿಯ ಮೇಲೆ ಬಟ್ಟೆ ಸುತ್ತಿದ ಉಂಡೆ ಇವರ ಬೆರಳ ತುದಿಯಲ್ಲಿತ್ತು. ಅದು ಮರವನ್ನು ಮುಟ್ಟಿತೋ ಇಲ್ಲವೋ ಎಂಬಂತೆ ಒಂದು ಸಣ್ಣ ಸುತ್ತು, ಪಕ್ಕದಲ್ಲಿ ಇನ್ನೊಂದು.

"ಇದೇನ್ರೀ, ಇಷ್ಟು ಹಗುರ?"

"ಪಾಲಿಶ್ಶಿನ ಕೊನೇ ಕೈ ಕಣೇ. ಒತ್ತಿದ್ರೆ ಮೊದಲು ಹೊಡೆದ ಕೈಯೆಲ್ಲ ಕಿತ್ಕೊಂಡು ಬರುತ್ತೆ." ಹೇಳಿದವರು ಅಲ್ಲಿಗೇ ನಿಲ್ಲಿಸಿದರು. ಉಂಡೆಯನ್ನು ನೋಡಿಕೊಂಡರು, ನನ್ನನ್ನು ನೋಡಿದರು.

"ಭಾರದ ಕೈಯಂತೆ!" ಎಂದೆ ನಾನು.

ಮಾರನೆಯ ದಿನದಿಂದ ನಮ್ಮ ಮನೆಯಲ್ಲಿ ಹಲ್ಲುಜ್ಜುವುದು ನಿಂತಿತು. "ಕೊನೇ ಕೈ ಆಯ್ತೇನ್ರೀ?" ಎಂದೇ ಕೇಳುತ್ತೇನೆ. ಬಚ್ಚಲಿನಿಂದ ನೊರೆ ತುಂಬಿದ ಬಾಯಲ್ಲಿ "ಹ್ಞೂಂ" ಬರುತ್ತದೆ. ಆಮೇಲೆ ತಂದ ಬ್ರಷ್ಷಿನ ಎಳೆಗಳು ಇನ್ನೂ ನೆಟ್ಟಗೆ ನಿಂತಿವೆ.

ಮತ್ತೆ ತೋರಿಸಲು ಹೋದಾಗ ಡಾಕ್ಟರಮ್ಮ ಬಹಳ ಹೊತ್ತು ಬಾಯೊಳಗೆ ಇಣುಕಿದರು.

"ವಸಡು ಅಲ್ಲೇ ನಿಂತಿದೆ, ಒಂಚೂರೂ ಸರಿದಿಲ್ಲ. ಊತಾನೂ ಇಲ್ಲ. ಈಗ ಹೇಗೆ ಉಜ್ತಿದೀರಾ?"

"ಛೇ ಛೇ, ನಾವು ಹಲ್ಲುಜ್ಜೋದು ಬಿಟ್ಟು ತಿಂಗಳುಗಟ್ಟಲೆ ಆಯ್ತು ಡಾಕ್ಟ್ರೇ!" ಎಂದರು ಇವರು.

ಡಾಕ್ಟರಮ್ಮನ ಮುಖ ನೋಡಿ ಇವರಿಗೆ ತಡೆಯಲಾಗಲಿಲ್ಲ. ಹೊಟ್ಟೆಯಾಳದಿಂದ ನಗು ಉಕ್ಕಿತು. ಹಳೆಯ ರೂಢಿ, ಬಲಗೈ ಬಾಯಿಗೆ ಅಡ್ಡ ಹೋಗಲು ಮೇಲೆದ್ದಿತು. ಕೈ ಹಿಡಿದವಳಲ್ಲವೇ ನಾನು? ಅರ್ಧದಲ್ಲೇ ಗಟ್ಟಿಯಾಗಿ ಹಿಡಿದುಕೊಂಡೆ. ಉದ್ದ ಹಲ್ಲುಗಳನ್ನೆಲ್ಲ ಬಿಟ್ಟುಕೊಂಡು ಅವರು ನಕ್ಕೇ ನಕ್ಕರು.