ಮಹಡಿಯ ಕೋಣೆ

ಬಂಡಳ್ಳಿಯ ಪುಟ್ಟಮಾದಪ್ಪನ ಮನೆಯಲ್ಲಿ ದೆವ್ವವಿದೆ ಎಂಬ ಮಾತು ಹಳೆಯದು. ಅವನ ಮೊದಲ ಹೆಂಡತಿ ಶಿವರತ್ನಮ್ಮ ಜ್ವರ ಬಂದು ತೀರಿಕೊಂಡದ್ದು ಮಹಡಿಯ ಕೋಣೆಯಲ್ಲಿ. ಮುಸ್ಸಂಜೆ ಹೊತ್ತು ಅವಳು ಕಿಟಕಿಯಲ್ಲಿ ನಿಂತು ತಲೆ ಬಾಚಿಕೊಳ್ಳುತ್ತಾಳೆ ಎನ್ನುತ್ತಿದ್ದರು ಊರವರು. ಎರಡನೆಯವಳಾಗಿ ಬಂದ ಚನ್ನಾಜಮ್ಮನಿಗೆ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವಳು ಕಂಡಿರಲಿಲ್ಲ. ಆದರೂ ಆ ಕೋಣೆಯ ಬೀಗವನ್ನು ಗಂಡ ತೆಗೆದಿರಲಿಲ್ಲ.

ಐವತ್ತೆರಡನೇ ಇಸವಿಯಲ್ಲಿ ಸೇಲಂ ಕಡೆಯಿಂದ ಚಿನ್ನಸ್ವಾಮಿ ಎಂಬಾತ ಬಂದ. ಸಿನಿಮಾಕ್ಕೆ ಸೆಟ್ಟು ಕಟ್ಟುವವನು. ದೆವ್ವದ ಮನೆಯೊಂದು ಬೇಕಾಗಿತ್ತಂತೆ. ಕಂಬ, ಕಿಟಕಿ, ಹೆಂಚು ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಂಡು, "ಆ ಅಮ್ಮ ನೋಡಕ್ಕೆ ಎಪ್ಪಡಿ, ಹೆಂಗೆ ಇದ್ರು ಸಾ?" ಎಂದ. ಮನೆಯಲ್ಲಿ ತುಟಿ ಬಿಚ್ಚದ ಪುಟ್ಟಮಾದಪ್ಪ ಆವತ್ತು ಹೊತ್ತಿಳಿಯುವ ತನಕ ಮಾತಾಡಿದ. ಅವಳ ಜಡೆ, ಅವಳ ನಗು, ಮೆಟ್ಟಿಲಿಳಿಯುವಾಗ ಗೋಡೆಗೆ ಕೈಯೂರುತ್ತಿದ್ದುದು. ಮಜ್ಜಿಗೆ ತಂದ ಚನ್ನಾಜಮ್ಮ ಬಾಗಿಲ ಮರೆಯಲ್ಲೇ ನಿಂತುಬಿಟ್ಟಳು. ತಾನು ಹೇಗೆ ನಗುತ್ತೇನೆಂದು ಈತ ಯಾವತ್ತಾದರೂ ನೋಡಿದ್ದಾನೆಯೇ?

ಮರುವರ್ಷ ಆ ಸಿನಿಮಾ ಕೊಳ್ಳೇಗಾಲದ ಟೆಂಟಿಗೆ ಬಂತು. ಚನ್ನಾಜಮ್ಮನೂ ಗಂಡನ ಜೊತೆ ಹೋದಳು. ಪರದೆಯ ಮೇಲೆ ತನ್ನದೇ ಮನೆ, ತಾನೇ ಸಾರಿಸುವಂಥ ಜಗಲಿ. ಕಿಟಕಿಯಲ್ಲಿ ಮಾತ್ರ ಬಿಳಿ ಸೀರೆಯ ಚೆಲುವೆ. ಪಕ್ಕದಲ್ಲಿ ಗಂಡ ಟವೆಲಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಅವನು ಒಬ್ಬನೇ ಎರಡು ಸಲ ಹೋಗಿ ನೋಡಿಬಂದ.

ಶಾಗ್ಯ, ಧನಗೆರೆಯಿಂದೆಲ್ಲ ಜನ ಗಾಡಿ ಕಟ್ಟಿಕೊಂಡು ಮನೆ ನೋಡಲು ಬರತೊಡಗಿದರು. ಒಂದು ದಿನ ಒಬ್ಬಳು ಕೇಳಿದಳು: "ಅವ್ರು ನಿಂತ್ಕತಿದ್ದ ಕಿಟ್ಕಿ ಅದೇಯಾ? ನೀನು ಈ ಮನೆ ಕೆಲ್ಸದವಳಾ?"

ಅವರ ಗಾಡಿ ಹೊರಟ ಮೇಲೆ ಚನ್ನಾಜಮ್ಮ ಗುಂಡುಕಲ್ಲು ಎತ್ತಿಕೊಂಡು ಮಹಡಿ ಹತ್ತಿ ಬೀಗ ಜಜ್ಜಿದಳು. ಒಳಗೆ ಒಂದು ಮಂಚ, ಬೆರಳು ದಪ್ಪ ಧೂಳು. ಕಿಟಕಿ ತಳ್ಳಿ ನಿಂತಳು.

ಹೊಲದಿಂದ ಬರುತ್ತಿದ್ದ ಪುಟ್ಟಮಾದಪ್ಪ ತಲೆಯೆತ್ತಿದವನು ಅಲ್ಲೇ ನಿಂತ. "ರತ್ನಾ!"

ಅಂಥ ದನಿಯಲ್ಲಿ ಅವನು ಚನ್ನಾಜಮ್ಮನನ್ನು ಒಂದು ದಿನವೂ ಕರೆದಿರಲಿಲ್ಲ.

"ರತ್ನ ಅಲ್ಲ ಕಣ್ರಿ, ನಾನು ಚನ್ನಾಜಿ," ಎಂದಳು. "ರಾಗಿ ಮೂಟೆ ಕೆಳ್ಗಡೆ ಮುಗ್ಗಲು ಇಡೀತಾವೆ. ಇಲ್ಲಿಗೆ ಸಾಗುಸ್ಬೇಕು. ಆಳುಗಳ ಕರ್ಕಂಡು ಬನ್ನಿ."

ಪುಟ್ಟಮಾದಪ್ಪ ತಲೆ ತಗ್ಗಿಸಿ ಆಳುಗಳನ್ನು ಕರೆಯಲು ಹೋದ.