ಕೊನೆಯ ಕುರಿಯ ಬೋನಸ್ಸು

ಸೋಮವಾರ ಕುರಿ ಫಾರ್ಮಿಗೆ ಉಣ್ಣೆ ಕತ್ತರಿಸುವವರ ತಂಡ ಬಂದಿಳಿಯುತ್ತದೆ. ಅಡುಗೆಗೆ ಇನ್ನೂ ಯಾರೂ ಸಿಕ್ಕಿಲ್ಲ. ಯಾರೂ ಸಿಗದಿದ್ದರೆ ಒಲೆಯ ಮುಂದೆ ನಿಲ್ಲಬೇಕಾದವಳು ತಾನೇ ಎಂಬುದು ಗ್ಲೆನಿಸ್‌ಗೆ ಗೊತ್ತಿತ್ತು. ಆಪರೇಶನ್ ಆದ ಮೊಣಕಾಲು ಆಗಲೇ ಜುಮುಗುಟ್ಟುತ್ತಿತ್ತು.

ಕೆಲಸ ಕೇಳಿಕೊಂಡು ಬರ್ಕ್ ಊರಿನಿಂದ ಧೂಳು ಕುಡಿಯುತ್ತ ಬಂದಿದ್ದ ಟೋನಿಯಾ ಎದುರಿಗೆ ಕೂತಿದ್ದಳು. ಕೊಟ್ಟ ಚಹಾ ಮುಟ್ಟಿರಲಿಲ್ಲ. ಗ್ಲೆನಿಸ್‌ಳ ಗಂಡ ಮರ್ವ್ ಬಾಗಿಲಿಗೆ ಒರಗಿ ನಿಂತು, ಹೆಂಡತಿಯ ಬಾಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದ.

"ಸಂಬಳ ಗೊತ್ತಾಯ್ತು. ಆ ಬೋನಸ್ ಅಂದ್ರಲ್ಲ, ಅದು ಯಾವಾಗ, ಹೇಗೆ?" ಎಂದು ಟೋನಿಯಾ ಗ್ಲೆನಿಸ್‌ಳನ್ನು ಕೇಳಿದಳು.

"ಕೆಲಸ ಮುಗಿದ ಮೇಲೆ ಕಣಮ್ಮ. ಒಳ್ಳೇ ಮೊತ್ತ," ಎಂದ ಮರ್ವ್.

"ನಾನು ಕೇಳಿದ್ದು ಅವರನ್ನ. ನೀವು ಬಾಗಿಲು ಹಿಡ್ಕೊಂಡಿರಿ, ಬಿದ್ದೀತು."

ಗ್ಲೆನಿಸ್‌ಗೆ ಹೋದ ವರ್ಷದ ಅಡುಗೆಯವಳು ಡಲ್ಸಿ ನೆನಪಾದಳು. ಕೆಲಸದಿಂದ ತೆಗೆದಾಗ ಅವಳು ಒಲೆಯೊಳಗೇ ಬಿಟ್ಟು ಹೋದ ಬ್ರೆಡ್ಡನ್ನು ಹೊರತೆಗೆದದ್ದು ತಾನು. ಗಂಡಸರು ಅದನ್ನೇ ಹೊಗಳಿ ತಿಂದಿದ್ದರು.

"ಕೇಳಿ," ಎಂದಳು ಗ್ಲೆನಿಸ್. "ಕೊನೇ ಕುರಿಯ ಉಣ್ಣೆ ಇಳಿಯೋವರೆಗೂ ಅಡುಗೆ ನಿಮ್ಮದೇ ಆಗಿದ್ರೆ ಮಾತ್ರ ಬೋನಸ್. ಆದ್ರೆ ಇಲ್ಲಿ ಅಡುಗೆಯವಳು ಬೇಕೋ ಬೇಡ್ವೋ ಅಂತ ಉಣ್ಣೆ ಕತ್ತರಿಸೋರು ಕೈಯೆತ್ತಿ ತೀರ್ಮಾನ ಮಾಡ್ತಾರೆ. ಮುಗಿಯೋ ಹಿಂದಿನ ದಿನ ಬೇಡ ಅಂದ್ರೂ ಅಷ್ಟೇ, ಬೋನಸ್ ಹೋಯ್ತು. ಹೋದ ವರ್ಷ ಹಾಗೇ ಆಯ್ತು. ಬೇಡ ಅಂತ ಎತ್ತಿದ ಕೈಗಳಿಗೆಲ್ಲ ಬಿಯರ್ ಹಂಚಿದ್ದು ಈ ಬಾಗಿಲಲ್ಲಿ ನಿಂತಿರೋನು."

"ಬಾಯಿ ಮುಚ್ಚೇ!"

ಟೋನಿಯಾ ಅವನತ್ತ ತಿರುಗಿದಳು. "ಹಾಗಾದ್ರೆ ಬೋನಸ್ ಬೇಡ. ವಾರದ ಸಂಬಳಕ್ಕೇ ಸೇರಿಸಿ ಕೊಡಿ."

"ಒಂದು ಡಾಲರ್ ಜಾಸ್ತಿ ಇಲ್ಲ."

"ಹಾಗಾದ್ರೆ ನೀವೇ ಬೇಯಿಸ್ಕೊಳ್ಳಿ." ಗಾಡಿಯ ಕೀಲಿಕೈ ಎತ್ತಿಕೊಂಡವಳು ಗ್ಲೆನಿಸ್‌ಳ ಭುಜವನ್ನೊಮ್ಮೆ ಒತ್ತಿ ಹೋದಳು.

ಗಾಡಿಯ ಸದ್ದು ಗೇಟು ದಾಟಿತು.

"ಹೊಟ್ಟೆ ತಣ್ಣಗಾಯ್ತಾ?" ಎಂದ ಮರ್ವ್. "ಸೋಮವಾರ ನೀನೇ ಸೌಟು ಹಿಡಿ."

ಗ್ಲೆನಿಸ್ ಮೇಜು ಬಳಸಿ ಕುಂಟುತ್ತ ಹೋಗಿ, ಟೋನಿಯಾ ಕೂತಿದ್ದ ಕುರ್ಚಿಯಲ್ಲಿ ಕೂತಳು. ಆರಿದ ಚಹಾವನ್ನು ತನ್ನತ್ತ ಎಳೆದುಕೊಂಡಳು.

"ಹಿಡೀತೀನಿ. ಸಂಬಳ ಎಷ್ಟು?"

"ಹೆಂಡ್ತಿಗೆಂಥ ಸಂಬಳ?"

"ಕೆಲಸಕ್ಕೆ ಕರೆದಿದ್ದು ನೀನು. ಸಂಬಳ ಹೇಳು, ಆಮೇಲೆ ಬೋನಸ್ಸು. ಬಿಡಿಸಿ ಹೇಳು. ಇಲ್ಲಾಂದ್ರೆ ಬರ್ಕ್‌ಗೆ ನಾನೂ ಗಾಡಿ ಓಡಿಸಬಲ್ಲೆ."